ಸ್ಪಷ್ಟನೆ: ಮಂಗಳನ ದತ್ತಾಂಶಕ್ಕೆ ದುಡ್ಡೂ ಬೇಡ, ಅನುಮತಿಯೂ ಬೇಡ

ಗ್ರಹಗಳ ಚಿತ್ರ ಬಳಸಿ ಭೂವಿಜ್ಞಾನ ಕಲಿಸಲು ಕಾಲೇಜು ಅಧ್ಯಾಪಕರು ನಾಸಾದ ಅನುಮತಿ ಪಡೆದು ಶುಲ್ಕ ಕಟ್ಟಬೇಕು ಎಂಬ ಸಂದೇಶ ಹರಿದಾಡುತ್ತಿದೆ. ಇದು ಸುಳ್ಳು. ನಾಸಾದ ಪ್ಲಾನೆಟರಿ ಡೇಟಾ ಸಿಸ್ಟಮ್ ಎಂಬ ಗ್ರಹಗಳ ದತ್ತಾಂಶ ಭಂಡಾರ ಎಲ್ಲರಿಗೂ ಮುಕ್ತ. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಜೆಮಾರ್ಸ್ ಎಂಬ, ಗ್ರಹಗಳ ನಕ್ಷೆ-ಚಿತ್ರ ನೋಡುವ ತಂತ್ರಾಂಶವೂ ಉಚಿತ. ಯಾರಾದರೂ ಹಣ ಕೇಳಿದರೆ ದಯವಿಟ್ಟು ಕೊಡಬೇಡಿ.

ತರಬೇತಿ ಬೇಕಿರುವುದು ಚಿತ್ರವನ್ನು ಓದಲು. ನಾಸಾದ ರೋವರ್ ಪರ್ಸಿವಿಯರೆನ್ಸ್ 2021ರಲ್ಲಿ ಇಳಿದ, ಮಂಗಳನ ಜೆಜೆರೊ ಕುಳಿಯನ್ನೇ ನೋಡಿ: ಪಶ್ಚಿಮದ ಅಂಚಿನಲ್ಲಿ ಬೀಸಣಿಗೆಯಂತೆ ಹರಡಿಕೊಂಡ ನದೀಮುಖಜ ಭೂಮಿ. ಮಂಗಳನನ್ನು ಸುತ್ತುವ ನೌಕೆಯಲ್ಲಿರುವ ಹೈರೈಸ್ ಕ್ಯಾಮೆರಾ ತೆಗೆದ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 30 ಸೆಂ.ಮೀ. ನೆಲ, ಪದರಗಳೇ ಕಾಣುತ್ತವೆ! ಆದರೆ ಬೆಳಕು ಬೀಳುವ ದಿಕ್ಕು ಗಮನಿಸದಿದ್ದರೆ ಗುಂಡಿಯೂ ದಿಬ್ಬದಂತೆ ತೋರುತ್ತದೆ. ಬಣ್ಣಗಳನ್ನೂ ಎಷ್ಟೋ ಸಲ ಶಿಲೆಗಳ ವ್ಯತ್ಯಾಸ ಎದ್ದು ಕಾಣಲೆಂದು ಹಿಗ್ಗಿಸಿರುತ್ತಾರೆ. ಪಾಠಕ್ಕೆ ಬಳಸುವಾಗ ಚಿತ್ರದ ಮೂಲವನ್ನು ಹೆಸರಿಸಿದರೆ ಸಾಕು.