ತೆಂಗಿನಕಾಯಿ ಎದ್ದಿತು, ಕಾನೂನು ಏಳಲಿಲ್ಲ

ಮೊನ್ನೆ ರಾತ್ರಿ ಮುಳಬಾಗಿಲು ಕಡೆಯ ನಮ್ಮೂರಿಗೆ ಬೋರ್ ಲಾರಿ ಬಂತು. ಹತ್ತು ಗಂಟೆಗೆ ಶುರುವಾದ ಧಡಧಡ ಕೋಳಿ ಕೂಗುವವರೆಗೂ ನಿಲ್ಲಲಿಲ್ಲ. ಮೂರು ಊರಿನ ನಾಯಿಗಳು ಬೊಗಳಿದವು. ನಮ್ಮ ಹಸು ಬೆಳಗ್ಗೆ ಹಾಲೇ ಕೊಡಲಿಲ್ಲ. ಇಷ್ಟಾದರೂ ಎಚ್ಚರವಾಗದೆ ಮಲಗಿದ್ದು ಕಾನೂನು ಒಂದೇ.

ಕಾನೂನು ಇಲ್ಲ ಅಂತಲ್ಲ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಇದೆ, ಅಧಿಸೂಚಿತ ಪ್ರದೇಶದಲ್ಲಿ, ಅಂದರೆ ಸರ್ಕಾರ ಗುರುತಿಸಿ ಪ್ರಕಟಿಸಿದ ಕಡೆ, ಕೊರೆಯುವ ಮೊದಲು ಅನುಮತಿ ಬೇಕು. 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಮಕ್ಕಳು ಬೋರ್‌ಗೆ ಬೀಳದಿರಲಿ ಅಂತ 15 ದಿನ ಮೊದಲೇ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು, ಬೋರ್ಡ್ ಹಾಕಬೇಕು, ಮುಳ್ಳುತಂತಿ ಸುತ್ತಬೇಕು, ಕೊಳವೆ ಸುತ್ತ ಸಿಮೆಂಟ್ ಕಟ್ಟೆ ಕಟ್ಟಬೇಕು. ಕಟ್ಟೆಯ ಅಳತೆಯೂ ಇದೆ, ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ನಮ್ಮೂರಲ್ಲಿ ಬತ್ತಿದ ಬೋರ್ ಮೇಲೆ ಗೋಣಿಚೀಲ, ಅದರ ಮೇಲೊಂದು ಕಲ್ಲು. ಗೋಣಿಚೀಲದ ಅಳತೆ ಯಾವ ತೀರ್ಪಿನಲ್ಲೂ ಇಲ್ಲ.

"ಪರ್ಮಿಷನ್ ತಗೊಂಡ್ಯಾ ಅಣ್ಣಾ?" ಅಂತ ಲಾರಿ ಕರೆಸಿದ ಪಕ್ಕದ ತೋಟದ ಅಣ್ಣನನ್ನು ಕೇಳಿದೆ.

"ಅರ್ಜಿ ಹಾಕಿದೀನಪ್ಪ. ಉತ್ತರ ಬರೋಷ್ಟರಲ್ಲಿ ನೀರು ಇನ್ನೂ ನೂರಡಿ ಕೆಳಗೆ ಹೋಗಿರುತ್ತೆ."

ಎಲ್ಲಿ ಕೊರೆದರೆ ನೀರು ಅಂತ ಪಾಯಿಂಟ್ ತೋರಿಸಿದ್ದು ತೆಂಗಿನಕಾಯಿ. ಅಂಗೈ ಮೇಲೆ ಎದ್ದು ನಿಂತಿತಂತೆ. 1,400 ಅಡಿ ಕೊರೆದರು, ಬಂದಿದ್ದು ಬರೀ ಧೂಳು.

ಬೆಳಗ್ಗೆ ಲಾರಿಯವರು ಹೊಸ ವಿದ್ಯೆ ಹೇಳಿಕೊಟ್ಟರು, ಹೈಡ್ರೋ ಫ್ರ್ಯಾಕ್ಚರಿಂಗ್. ಬೋರ್ ಒಳಗೆ ಭಾರೀ ಒತ್ತಡದಲ್ಲಿ ನೀರು ನುಗ್ಗಿಸಿ ಬಂಡೆಯ ಸೀಳು ಬಿಡಿಸೋದು. ನೀರು ಬೇಕಾದರೆ ಮೊದಲು ನೀರು ಹಾಕಬೇಕು! ಅಣ್ಣ ಟ್ಯಾಂಕರ್‌ಗೆ ಫೋನ್ ಮಾಡಿದ. ಆ ಟ್ಯಾಂಕರ್ ತುಂಬಿದ್ದು ಯಾರ ಬೋರ್‌ನಿಂದ ಅಂತ ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅಮೆರಿಕದಲ್ಲಿ ಇದೇ ವಿದ್ಯೆಯಿಂದ, ನೀರಿಗೆ ಮರಳು, ರಾಸಾಯನಿಕ ಬೆರೆಸಿ, ಶೇಲ್ ಬಂಡೆಯಿಂದ ಗ್ಯಾಸ್ ತೆಗೀತಾರೆ. 2005ರಲ್ಲಿ ಅವರ ಸಂಸತ್ತು, ಅಂದರೆ ಕಾಂಗ್ರೆಸ್, ಅದಕ್ಕೆ ಕುಡಿಯುವ ನೀರಿನ ಕಾನೂನಿನಿಂದಲೇ ವಿನಾಯಿತಿ ಕೊಟ್ಟಿತು, ಡೀಸೆಲ್ ಸುರಿಯದಿದ್ದರೆ ಸಾಕು. 2012ರಲ್ಲಿ ವರ್ಮಾಂಟ್ ರಾಜ್ಯ ಈ ಗ್ಯಾಸ್ ವಿದ್ಯೆಯನ್ನು ಮೊದಲು ನಿಷೇಧಿಸಿ ಹೆಸರು ಮಾಡಿತು. ಆದರೆ ವರ್ಮಾಂಟ್‌ನಲ್ಲಿ ತೆಗೆಯೋಕೆ ಗ್ಯಾಸೇ ಇಲ್ಲ, ಅಲ್ವಾ? ನಮ್ಮಲ್ಲೂ ಹಾಗೇ, ಇಲ್ಲದ ನೀರಿಗೆ ಅನುಮತಿ ಪತ್ರ.

ಲಾರಿ ಇನ್ನೂ ಊರು ಬಿಟ್ಟಿಲ್ಲ. ಎದುರು ಹೊಲದವನೂ ಅಡ್ವಾನ್ಸ್ ಕೊಟ್ಟಿದ್ದಾನೆ. ಅವನ ತೆಂಗಿನಕಾಯಿ ಇನ್ನೂ ನೆಟ್ಟಗೆ ನಿಂತಿತಂತೆ.