ಮುಂದಿನ ಗಾಜಿನ ಗೋಳು

ಮೊನ್ನೆ ಹೆಬ್ಬಾಳ ಫ್ಲೈಓವರ್ ಮೇಲೆ ಮಳೆ ಹಿಡಿದುಕೊಂಡಿತು. ಕಾರಿನ ಮುಂದಿನ ಗಾಜಿನ ಮೂಲೆಯಿಂದ ನೀರು ತೊಟ್ಟಿಕ್ಕಿ ಡ್ಯಾಶ್‌ಬೋರ್ಡ್ ಮೇಲೆ ಹರಿಯಿತು. ಅಂಟು ಬಿಟ್ಟಿದೆ. ವಿಚಾರಿಸಿದರೆ, ಇದಕ್ಕೆ ರೀಕಾಲ್, ಅಂದರೆ ದೋಷವಿರೋ ಕಾರುಗಳನ್ನ ಕಂಪನಿಯೇ ವಾಪಸ್ ಕರೆಸಿ ಸರಿಮಾಡೋದು, ಆಗಿ ಎಷ್ಟೋ ತಿಂಗಳಾಗಿದೆಯಂತೆ. ಕಾಗದ ಹೋಗಿದ್ದು ಹಳೇ ಮಾಲೀಕರ ಮನೆಗೆ! ಆರ್‌ಸಿ ನನ್ನ ಹೆಸರಿಗಾಗಿ ಎರಡು ವರ್ಷವಾಯ್ತು. "ಚಾಸಿ ನಂಬರ್ ಕೊಟ್ಟು ಹೋಗಿ ಸರ್, ಗಾಜು ಬಂದ್ಮೇಲೆ ಫೋನ್ ಮಾಡ್ತೀವಿ" ಅಂತ ಸರ್ವಿಸ್ ಸೆಂಟರ್‌ನವರು ಹೇಳಿ ಆರು ವಾರ.

ಗಾಜು ಇರೋದು ಬರೀ ಗಾಳಿ ತಡೆಯೋಕಲ್ಲ. ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಒರಗೋದು ಇದೇ ಗಾಜಿಗೆ. ಅಂಟು ಸಡಿಲವಾಗಿದ್ದರೆ ಗಾಜೇ ಕಿತ್ತು ಹೋಗಬಹುದು. ಆ ಸೀಟಲ್ಲಿ ದಿನಾ ಕೂರೋದು ನಮ್ಮಮ್ಮ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ರೀಕಾಲ್ ಕಲಂ ಸೇರಿಸಿದ್ದಾರೆ. ಆರ್‌ಟಿಒ ದಾಖಲೆಯಲ್ಲಿ ನನ್ನ ಹೆಸರು, ಫೋನ್ ನಂಬರ್ ಎಲ್ಲಾ ಇರುವಾಗ ಒಂದು ಎಸ್ಸೆಮ್ಮೆಸ್ ಕಳಿಸೋಕೆ ಏನು ಕಷ್ಟ?