ದೇವರನ್ನು ನಂಬುವವನು ಸ್ವಪ್ರಯತ್ನವನ್ನು ಬಿಡಬೇಕೇ?

ಪರ

ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ತನ್ನನ್ನು ದ್ರಾಕ್ಷೀಬಳ್ಳಿಗೂ ಶಿಷ್ಯರನ್ನು ಕೊಂಬೆಗಳಿಗೂ ಹೋಲಿಸಿ, ತನ್ನನ್ನು ಬಿಟ್ಟು ಅವರು ಏನೂ ಮಾಡಲಾರರೆಂದು ಹೇಳುತ್ತಾನೆ. ಸ್ವಲ್ಪ ಮಾತ್ರ ಮಾಡಬಲ್ಲರು ಎಂದಲ್ಲ, ಏನೂ ಮಾಡಲಾರರು ಎಂದೇ. ಈ ಮಾತಿನ ಮೇಲೆ ತಮ್ಮ ಬದುಕನ್ನೇ ಇಟ್ಟವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಜಾರ್ಜ್ ಮುಲ್ಲರ್ (1805–1898). 1830ರಲ್ಲಿ ಕ್ರೈಸ್ತ ಸಭೆಯ ಬೋಧಕರಾಗಿ ಪಡೆಯುತ್ತಿದ್ದ ನಿಗದಿತ ಸಂಬಳವನ್ನು ತೊರೆದ ಅವರು, 1836ರಲ್ಲಿ ಬಾಡಿಗೆ ಮನೆಯೊಂದರಲ್ಲಿ ಅನಾಥಾಲಯ ತೆರೆದು, ಯಾರಲ್ಲಿಯೂ ಹಣ ಕೇಳದೆ, ಸಾಲ ಮಾಡದೆ, ಪ್ರಾರ್ಥನೆಯನ್ನೇ ನೆಚ್ಚಿ, 1870ರ ಹೊತ್ತಿಗೆ ಅದೇ ನಗರದ ಆಶ್ಲಿ ಡೌನ್‌ನ ಐದು ಕಟ್ಟಡಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಆಸರೆ ಕಲ್ಪಿಸಿದರು.

ಮಕ್ಕಳ ಸಂಖ್ಯೆಗಿಂತ ಆ ಕೆಲಸದ ಹಿಂದಿದ್ದ ಕಾರಣವೇ ನನ್ನನ್ನು ಹೆಚ್ಚು ಕಾಡುತ್ತದೆ. ಮುಲ್ಲರ್ ಭೇಟಿಯಾದ ಒಬ್ಬ ವಿಶ್ವಾಸಿ ದಿನಕ್ಕೆ 14ರಿಂದ 16 ಗಂಟೆ ದುಡಿಯುತ್ತಿದ್ದನು. ದೇಹ ಸೊರಗಿತ್ತು, ಆತ್ಮ ಬಡವಾಗಿತ್ತು, ದೇವರಲ್ಲಿ ಆನಂದವೆಂಬುದೇ ಉಳಿದಿರಲಿಲ್ಲ. ದುಡಿಮೆ ಕಡಿಮೆ ಮಾಡಿದರೆ ಮನೆ ನಡೆಯದೆಂಬ ಭಯ ಅವನದು. ಅಂಥವರ ಕಣ್ಣಿಗೆ ಕಾಣುವಂತೆ ದೇವರ ನಂಬಿಗಸ್ತಿಕೆಯ ಒಂದು ಸಾಕ್ಷಿ ಬೇಕೆಂಬುದೇ ಅನಾಥಾಲಯದ ಮೊದಲ ಉದ್ದೇಶವಾಗಿತ್ತು. ಭಾನುವಾರದ ಆರಾಧನೆಯಲ್ಲಿಯೂ ಸೋಮವಾರದ ಲೆಕ್ಕವನ್ನೇ ಎಣಿಸುವ ನಮ್ಮ ಮನೆಗಳಿಗೆ ಆ ಸಾಕ್ಷಿ ಇಂದಿಗೂ ಬೇಕಾಗಿದೆ.

ಮುಲ್ಲರ್ ಅನಾಥಾಲಯದ ವರದಿಗಳನ್ನು ಅಚ್ಚು ಹಾಕಿಸುತ್ತಿದ್ದುದೇ ಹಣಕ್ಕಾಗಿ ಒಂದು ಬಗೆಯ ಬೇಡಿಕೆಯಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ 1841ರ ಡಿಸೆಂಬರಿನಲ್ಲಿ ಕೈ ಬರಿದಾಗಿದ್ದಾಗ, ಕೊರತೆಯನ್ನು ಸಾರಿದಂತಾದೀತೆಂದು ಅವರು ವರದಿಯನ್ನೂ ಸಾರ್ವಜನಿಕ ಸಭೆಗಳನ್ನೂ ಮುಂದೂಡಿದ್ದರು.

ವಿರೋಧ

ಮುಲ್ಲರ್ ಅವರ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಅವರ ಉದಾಹರಣೆ ಶ್ರಮದ ವಿರುದ್ಧ ಸಾಕ್ಷಿ ಹೇಳುವುದಿಲ್ಲ. ಬಂದ ಕಾಣಿಕೆಗಳನ್ನು ಅವರೇ ಜಾಗರೂಕತೆಯಿಂದ ಲೆಕ್ಕವಿಟ್ಟರು, ಜಾಗ ಹುಡುಕಿದರು, ಕಟ್ಟಡ ಕಟ್ಟಿಸಿದರು. ಪ್ರಾರ್ಥನೆಗೆ ಉತ್ತರವಾಗಿ ಬಂದ ಪ್ರತಿ ನಾಣ್ಯವೂ ಯಾರೋ ಬೆವರು ಸುರಿಸಿ ಗಳಿಸಿದ್ದೇ ಆಗಿತ್ತು.

ಬೈಬಲ್ ಕೂಡ ಇವೆರಡನ್ನು ಬೇರ್ಪಡಿಸುವುದಿಲ್ಲ. ಶತ್ರುಗಳು ಸಂಚು ಹೂಡಿದಾಗ, ಯೆರೂಸಲೇಮಿನ ಗೋಡೆ ಕಟ್ಟಿಸುತ್ತಿದ್ದ ನೆಹೆಮೀಯನು ದೇವರಿಗೆ ಮೊರೆಯಿಟ್ಟದ್ದೂ ಹಗಲಿರುಳು ಕಾವಲಿರಿಸಿದ್ದೂ ಒಂದೇ ವಚನದಲ್ಲಿವೆ. ಕೃಪೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಸಾರಿದ ಪೌಲನೇ ಕೊರಿಂಥದಲ್ಲಿ ಗುಡಾರ ಮಾಡಿ ಹೊಟ್ಟೆ ಹೊರೆದನು. ತಾನು ಉಳಿದೆಲ್ಲ ಅಪೊಸ್ತಲರಿಗಿಂತ ಹೆಚ್ಚು ಪ್ರಯಾಸಪಟ್ಟೆನೆಂದು ಹೇಳಿ, ಆ ಪ್ರಯಾಸವೂ ತನ್ನದಲ್ಲ, ಕೃಪೆಯದೇ ಎಂದು ಒಪ್ಪಿಕೊಂಡನು.

ನಮ್ಮ ಕರಾವಳಿಯ ಸಭೆಗಳ ಚರಿತ್ರೆ ಇದಕ್ಕೆ ಇನ್ನೂ ಹತ್ತಿರದ್ದು. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಪ್ರಾರ್ಥನೆಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೂ ಕ್ರೈಸ್ತರಾದ ಕಾರಣಕ್ಕೆ ಮನೆ, ಜಾತಿ, ಕಸುಬು ಮೂರನ್ನೂ ಕಳೆದುಕೊಂಡು ಬಾಗಿಲಿಗೆ ಬಂದವರಿಗೆ, ದೇವರು ನೋಡಿಕೊಳ್ಳುವನೆಂದು ಹೇಳಿ ಕಳುಹಿಸಲು ಅವರಿಂದ ಸಾಧ್ಯವಾಗಲಿಲ್ಲ. 1841ರಲ್ಲಿ ಮುದ್ರಣಾಲಯ, ಮುಂದೆ ನೇಯ್ಗೆಯ ಮಗ್ಗಗಳು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರ ಮೇಲ್ವಿಚಾರಣೆಯಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಆರಂಭವಾದವು. ಕೆಲಸ ಕಳೆದುಕೊಂಡ ಸಹೋದರನಿಗೆ ನಂಬಿಕೆ ಸಾಲದೆಂದು ಬುದ್ಧಿ ಹೇಳುವ ಇಂದಿನ ಕೆಲವು ಬೋಧಕರು, ಆ ಕಾರ್ಖಾನೆ ಯಾರಿಗಾಗಿ ಆರಂಭವಾಯಿತೆಂಬುದನ್ನು ಒಮ್ಮೆ ವಿಚಾರಿಸಬೇಕು.